ಹೇಳದ ಹೆಸರು

ಶಾಲೆ ತಪಾಸಣೆಯ ಡೆಪೋಟಿ ಸಾಹೇಬರು ಹತ್ತೂವರೆಯ ಬಸ್ಸಿಗೆ ಬರುವವರಿದ್ದರು. ಮಹಾಬಲ ಮಾಸ್ತರರಿಗೆ ಬೆಳಗಿನ ಆರು ಗಂಟೆಯಿಂದಲೇ ಹೊಟ್ಟೆ ಸರಿ ಇರಲಿಲ್ಲ. ಹೆದರಿಕೆಯಿಂದಲ್ಲ, ಖುಷಿಯಿಂದ. ಖುಷಿಗೂ ಹೊಟ್ಟೆ ಕೆಡುತ್ತದೆ ಎಂಬುದು ಮನುಷ್ಯನಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಗೊತ್ತಾಗಬೇಕೆ? ಬಾವಿಯ ಹತ್ತಿರ ಎರಡನೇ ಸಲ ಕಾಲು ತೊಳೆಯುತ್ತ, ವಿಚಾರಣೆ ಪಾಂಡುವಿನದು, ನನ್ನದಲ್ಲ ಎಂದು ಹೇಳಿಕೊಂಡರು. ವಿಷಯ ಮಂಕಿ ಊರಿಗೆಲ್ಲ ಗೊತ್ತಿದ್ದದ್ದೇ. ಅವರ ಶಾಲೆಯ ಎರಡನೇ ಮಾಸ್ತರ ಪಾಂಡು ಗೌಡ ತನ್ನ ಕೇರಿಯ ಹೆಂಗಸರಿಗೆ ಮಧ್ಯಾಹ್ನದ ಹೊತ್ತು ಅಕ್ಷರ ಕಲಿಸುತ್ತಿದ್ದ. ಕಳೆದ ತಿಂಗಳ ಪಂಚಾಯತಿ ಚುನಾವಣೆಯಲ್ಲಿ ಅಂಗಡಿಯ ಬೀರಪ್ಪ ನಾಯ್ಕ ಹನ್ನೊಂದು ಮತದಿಂದ ಗೆದ್ದ. ಹೆಂಗಸರ ಕಿವಿಯೂದಿ ಬೀರಪ್ಪನಿಗೆ ಓಟು ಹಾಕಿಸಿದ್ದು ಪಾಂಡುವೇ ಎಂದು ಕುಮಟೆಯ ಕಚೇರಿಗೆ ಹೆಸರಿಲ್ಲದ ಅರ್ಜಿಯೊಂದು ಹೋಯಿತು. ಸರಕಾರದ ಮಾಸ್ತರ ರಾಜಕಾರಣ ಮಾಡಿದ್ದು ಖರೆ ಎಂದಾದರೆ ನೌಕರಿಯೇ ಹೋಗುತ್ತದೆ. ಸಾಹೇಬರು ಕನಿಕರ ತೋರಿಸಿದರೂ ಘಟ್ಟದ ಮೇಲಿನ ಯಾವುದೋ ಮೂಲೆಗೆ ಬದಲಿ. ಎರಡರಲ್ಲಿ ಏನಾದರೂ ಕೇರಿಯ ಹೆಂಗಸರ ಓದು ಅಲ್ಲಿಗೆ ಮುಗಿಯಿತು.

ಅರ್ಜಿ ಅವರು ಬರೆದದ್ದಲ್ಲ. ದೇವರಾಣೆ ಅವರದಲ್ಲ. ಆದರೆ ಅದರ ಪ್ರತಿ ಶಾಲೆಗೆ ಬಂದ ದಿನ, ಬಾಗಿಲು ಮುಂದೆ ಮಾಡಿಕೊಂಡು ಓದಿದಾಗ, ನಡುವೆ ಒಂದು ಸಾಲು ಗುರುತಿನವರಂತೆ ಅವರ ಮುಖ ನೋಡಿತ್ತು. 'ಇದು ಓದಿಸುವ ಶಾಲೆಯಲ್ಲ, ಓಟು ಹಾಕಿಸುವ ಶಾಲೆ.' ಹೊನ್ನಾವರದ ಬಂದರಿನ ಚಾದಂಗಡಿಯಲ್ಲಿ, ಲಾಂಚಿಗೆ ಕಾಯುತ್ತ ಕುಳಿತಾಗ, ನಾಲ್ಕು ಜನ ನಗಲಿ ಎಂದು ಅವರೇ ಆಡಿದ ಮಾತು. ನಾಲ್ಕು ಜನ ನಕ್ಕಿದ್ದರು ಕೂಡ. ಆ ಹೊತ್ತಿಗೆ ಎಷ್ಟು ಹಿತವಾಗಿತ್ತು! ನಕ್ಕವರಲ್ಲಿ ಯಾರು ಅದನ್ನು ಅರ್ಜಿಗೆ ಏರಿಸಿದರೋ, ಅವರಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ. ಸುಳ್ಳು ಹೇಳಿದ್ದು ನಾನಲ್ಲವಲ್ಲ, ತಮಾಷೆ ಮಾಡಿದ್ದು ಅಷ್ಟೆ ಎಂದು ಟವೆಲ್ಲಿನಿಂದ ಕಾಲು ಒರೆಸಿಕೊಂಡರು.

ಒಳಗೆ ಹೆಂಡತಿ ಮಂಗಲಾ ದೋಸೆ ಎರೆಯುತ್ತ, ಬಸಳೆ ಇಲ್ಲೆ, ಹರಿವೆ ಇಲ್ಲೆ, ಇವತ್ತೂ ಬರೀ ಅಪ್ಪೆಹುಳಿ ಎಂದು ಒಲೆಗೆ ಹೇಳುತ್ತಿದ್ದಳು. ಆಮೇಲೆ ದನಿ ಎತ್ತಿ, "ಕೇಳ್ತಾ? ಸುಕ್ರಿ ಈಗ ಮೊದ್ಲಿನ ಹಾಂಗೆ ಬತ್ತಿಲ್ಲೆ ಅಲ್ದಾ?" ಅಂದಳು. ಸಂತೆಗುಳಿಯ ಹುಡುಗಿ ಈ ಮನೆಗೆ ಬಂದು ಇಪ್ಪತ್ತಾರು ವರ್ಷವಾಯಿತು, ಇವತ್ತಿಗೂ ಗಂಡನನ್ನು ಕರೆಯುವುದು 'ಕೇಳ್ತಾ' ಎಂದೇ. ಹೊಸ ಟಪಾಲಿನವ ಬಂದು ಇದು ಯಾರ ಮನೆ ಅಮ್ಮಾ ಎಂದಾಗ ಬಾಗಿಲ ಮೇಲಿನ ಹೆಸರಿನ ಹಲಗೆಯನ್ನು ತೋರಿಸಿ ಒಳಗೆ ಹೋದವಳು. ಮಾಸ್ತರರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. ಸುಕ್ರಿ ಬರುವುದಿಲ್ಲ ಎಂಬುದನ್ನು ಇವಳು ಬೇರೆ ಹೇಳಿಕೊಡಬೇಕೆ? ಹನ್ನೆರಡು ವರ್ಷ ಪಾಂಡುವಿನ ಕೇರಿಯ ಆ ಹೆಂಗಸು ಇದೇ ಮೆಟ್ಟಿಲ ಮೇಲೆ, ತರಕಾರಿ ಬುಟ್ಟಿ ಪಕ್ಕಕ್ಕಿಟ್ಟು, ಕಾಲು ಮಡಚಿ ಕುಳಿತಿರುತ್ತಿದ್ದಳು. ಗಂಡ ಮೊದಲು ಕಾಫಿ ತೋಟಕ್ಕೆ ಹೋದ, ಈಗ ಶರಾವತಿಯ ಅಣೆಕಟ್ಟಿನ ಕೆಲಸದಲ್ಲಿದ್ದ. ಯಾರ ಕೈಯಲ್ಲೋ ಬರೆಸಿದ ಅವನ ಕಾಗದ ಬಂದರೆ ಓದಿ ಹೇಳುವವರು ಮಾಸ್ತರರು, ಉತ್ತರ ಬರೆಯುವವರೂ ಮಾಸ್ತರರು. ಅವನಿಗೆ ಚಳಿಜ್ವರ ಬಂದದ್ದು ಅವಳಿಗಿಂತ ಮೊದಲು ಇವರಿಗೆ ಗೊತ್ತು. ಅತ್ತೆ ಸೊಸೆ ಜಗಳವಾಡಿ ಆರು ತಿಂಗಳು ಮಾತು ಬಿಟ್ಟದ್ದು ಕೇರಿಗೆ ಗೊತ್ತಾಗುವ ಮೊದಲೇ ಇವರಿಗೆ ಗೊತ್ತು. ಎಲ್ಲ ಬರೆದು ಮುಗಿಸಿ, ವಿಳಾಸಕ್ಕೆ ಹೆಸರು ಹೇಳು ಎಂದರೆ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಸೊಂಟದ ಎಲೆಯಡಿಕೆ ಚೀಲದಿಂದ ಗಂಡನ ಹೆಸರಿದ್ದ ಹಳೆಯ ಲಕೋಟೆಯೊಂದನ್ನು ತೆಗೆದು ಮುಂದಿಡುತ್ತಿದ್ದಳು. ಅದನ್ನು ನೋಡಿ ಬರೆಯಬೇಕು. ಅದೇ ಲಕೋಟೆ, ಮಡಿಕೆಯಲ್ಲಿ ಹರಿದು ಅನ್ನದ ಅಂಟಿನಿಂದ ಅಂಟಿಸಿದ್ದು. ಕೇರಿಯ ಅರ್ಧ ಸಂಸಾರ ತನ್ನ ತಲೆಯಲ್ಲಿದೆ ಎಂಬ ಹೆಮ್ಮೆಯಿಂದ ಮಾಸ್ತರರು ಹೊಲದ ಅಂಚಿನಲ್ಲಿ ನಡೆದರೆ ಹೆಂಗಸರು ಸಸಿ ಕೀಳುವುದನ್ನು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದರು. ಈಗ ಬಗ್ಗಿಯೇ ಇರುತ್ತಾರೆ.

ಪಾಂಡುವಿಗೆ ಅ ಆ ತಿದ್ದಿಸಿದ್ದು ಯಾರು? ಇದೇ ಕೈ. ಕಚ್ಚೆ ಕಟ್ಟಲು ಬಾರದ, ಮೂಗು ಸುರಿಸುವ ಹುಡುಗನ ಬೆರಳು ಹಿಡಿದು, ಮರಳ ಮೇಲೆ ಮೂರು ತಿಂಗಳು. ಓದದೆ ಎಲ್ಲಿಯೂ ಹೆಬ್ಬೆಟ್ಟು ಒತ್ತಬೇಡ, ನಿನ್ನ ಅಪ್ಪ ಒತ್ತಿಯೇ ಗದ್ದೆ ಕಳೆದದ್ದು ಎಂದು ಹೇಳಿಕೊಟ್ಟವರೂ ಇವರೇ. ಈಗ ಕೇರಿಯಲ್ಲಿ ಎಲ್ಲರೂ ಅದನ್ನು ಪಾಂಡು ಮಾಸ್ತರನ ಮಾತು ಎನ್ನುತ್ತಾರೆ. ಕುಮಟೆಯಲ್ಲಿ ಮಾಸ್ತರಿಕೆಯ ತರಬೇತಿ ಮುಗಿಸಿ ಬಂದು ಕಾಲು ಮುಟ್ಟಿದ ದಿನ ಮಾಸ್ತರರ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಆದರೆ ಹೊಟ್ಟೆಯುರಿ ಶುರುವಾದದ್ದೂ ಅದೇ ವಾರ, ಪಾಂಡು ಹಲಗೆಯ ಮೇಲೆ ಬರೆದದ್ದನ್ನು ನೋಡಿದಾಗ. ಅಕ್ಷರ ತಮ್ಮದೇ. ಸ ಬರೆಯುವಾಗಿನ ಅದೇ ಕೊಂಡಿ, ರ ಬರೆಯುವಾಗಿನ ಅದೇ ಸುತ್ತು. ಬರೆದವನಿಗೆ ಮಾತ್ರ ಇಪ್ಪತ್ತೆರಡು ವರ್ಷ.

ಒಂದು ಮಧ್ಯಾಹ್ನ ಅವರು ಕೇರಿಗೆ ಹೋಗಿದ್ದರು. ಹೋದದ್ದು ಎಂದರೆ ಹೋದದ್ದಲ್ಲ, ಹುಲ್ಲುಕುತ್ರಿಯ ಹಿಂದೆ ಕಳ್ಳನ ಹಾಗೆ ನಿಂತದ್ದು. ಹೆಡ್‌ಮಾಸ್ತರ ಕುತ್ರಿಯ ಹಿಂದೆ! ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸುಕ್ರಿಯ ಮನೆಯ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಮದುವೆಗೆ ಹಸೆ ಬರೆಯುವ ಬಿಳಿ ಶೇಡಿಮಣ್ಣಿನಲ್ಲಿ, ಹೆಂಗಸರು ಅಕ್ಷರ ಬರೆದಿದ್ದರು. ಹಸೆಯ ಕೋನ, ಗೆರೆ, ಚುಕ್ಕಿಗಳ ಪಕ್ಕದಲ್ಲೇ ಕ ಖ ಗ ಘ. ಗದ್ದೆ ನೆಟ್ಟಿಯ ಹಾಡಿನ ಧಾಟಿಯಲ್ಲಿ ಕಾಗುಣಿತ ಹಾಡುತ್ತಿದ್ದರು, ಒಬ್ಬಳು ಎತ್ತಿಕೊಟ್ಟರೆ ಉಳಿದವರು ಹಿಡಿಯುವುದು. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವರಿಗೆ ಅನಿಸಿತು, ಹಾಗೆ ಅನಿಸಿದ್ದಕ್ಕೆ ಪಾಂಡುವಿನ ಮೇಲೆ ಮತ್ತಷ್ಟು ಸಿಟ್ಟು ಬಂತು. ಅವತ್ತು ಪಾಂಡು ಓಟು ಹಾಕುವುದು ಹೇಗೆ ಎಂದು ತೋರಿಸುತ್ತಿದ್ದ. ಜಗಲಿಯ ಮೂಲೆಗೆ ಒಂದು ಮಡಕೆ ಇಟ್ಟು, ಅಡ್ಡಕ್ಕೆ ಚಾಪೆ ನಿಲ್ಲಿಸಿ, ಮಾವಿನೆಲೆ ಒಬ್ಬನ ಗುರುತು, ಹಲಸಿನೆಲೆ ಇನ್ನೊಬ್ಬನದು ಎಂದು ಹೇಳಿ, ಒಬ್ಬೊಬ್ಬರಾಗಿ ಹೋಗಿ ಬೇಕಾದ ಎಲೆ ಹಾಕಿ ಬನ್ನಿ ಎಂದ. ಸುಕ್ರಿ ಎರಡೂ ಎಲೆ ಹಿಡಿದು ನಿಂತು, ಯಾವುದು ಹಾಕಲಿ ತಮ್ಮಾ ಎಂದು ಕೇಳಿದಳು. ಪಾಂಡು ತಿರುಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. "ನಂಗೂ ಹೇಳೂದು ಬ್ಯಾಡ ಅತ್ಗೆ. ನಾ ಹೇಳ್ಕೊಟ್ರೆ ಅದು ನಿನ್ನ ಓಟಲ್ಲ." ಮಾಸ್ತರರು ಇದನ್ನು ಸ್ವತಃ ಕಿವಿಯಾರೆ ಕೇಳಿದ್ದರು. ಮಂಕಿಯಲ್ಲಿ ಪಾಂಡುವಿನ ಪರವಾಗಿ ಕಣ್ಣಾರೆ ಕಂಡ ಸಾಕ್ಷಿ ಹೇಳಬಲ್ಲ ಹೊರಗಿನವರು ಯಾರಾದರೂ ಇದ್ದರೆ ಅದು ಅವರೊಬ್ಬರೇ.

ಬಸ್ಸು ತಡವಾಗಿ ಬಂತು. ಸಾಹೇಬರು ಧಾರವಾಡದ ಕಡೆಯವರು, ಲಾಂಚಿನಲ್ಲಿ ಹೊಳೆ ದಾಟಿ ತಲೆ ತಿರುಗಿ ಬಂದಿದ್ದರು. ಪಾಂಡು ಓಡಿಹೋಗಿ ಕುರ್ಚಿ ತಂದಿಟ್ಟ, ಎಳನೀರು ಕೆತ್ತಿಸಿ ತಂದ. ತನ್ನ ನೌಕರಿ ತಿನ್ನಲು ಬಂದವರಿಗೂ ಎಳನೀರು ತರುವವನು, ಇವನ ಮೇಲೆ ನೆಮ್ಮದಿಯಿಂದ ಸಿಟ್ಟು ಮಾಡಲೂ ಬಿಡುವುದಿಲ್ಲ ಎಂದು ಮಾಸ್ತರರು ಹಲ್ಲು ಕಚ್ಚಿದರು. ಸಾಹೇಬರು ಎಳನೀರು ಕುಡಿದು ಕೆಲಸಕ್ಕೆ ತೊಡಗಿದರು. ಹೆಂಗಸರಲ್ಲಿ ಮೊದಲು ಓದಲು ಸೇರಿದವಳು ಯಾರು ಎಂದು ಕೇಳಿ, ಸುಕ್ರಿಯನ್ನು ಕರೆಸಿ, ಹೆಡ್‌ಮಾಸ್ತರ, ನಿಮ್ಮ ಅಕ್ಷರ ಚಲೋ ಐತಿ, ಆಕಿ ಹೇಳಿಕಿ ನೀವ ಬರಕೊಳ್ರಿ, ನಾ ಅಷ್ಟರಾಗ ಹುಡುಗರ ಮಗ್ಗಿ ಕೇಳ್ತೀನಿ ಎಂದು ಹಾಜರಿ ಪುಸ್ತಕ ಹಿಡಿದು ಪಕ್ಕದ ಕೋಣೆಗೆ ಹೋದರು. ಪಾಂಡುವನ್ನು ಹೊರಗೆ ಜಗಲಿಯಲ್ಲಿ ಕೂರಲು ಹೇಳಿದರು. ಕೋಣೆಯಲ್ಲಿ ಉಳಿದವರು ಮಾಸ್ತರರು, ಸುಕ್ರಿ, ಒಂದು ಬಿಳಿ ಕಾಗದ.

ಎಷ್ಟು ದಿನದ ಮೇಲೆ ಅವಳು ಹೀಗೆ ಎದುರಿಗೆ ಕುಳಿತಿದ್ದಳು! ಅದೇ ಕಾಲು ಮಡಚಿದ ಕೂರುವಿಕೆ, ಕೊರಳ ತುಂಬ ಅದೇ ಮಣಿಸರ. ಅವರು ಕೇಳುತ್ತ ಹೋದರು, ಅವಳು ಹೇಳುತ್ತ ಹೋದಳು, ಹಳೆಯ ರೂಢಿಯಂತೆ ಅವಳ ಮಾತನ್ನು ಅವರು ಕಾಗದದ ಮಾತು ಮಾಡುತ್ತ ಹೋದರು. ಸುಕ್ರಿ ಕೋಂ ಬೀರಪ್ಪ ಗೌಡ, ವಯಸ್ಸು ಮೂವತ್ತೈದು, ಸಾಕಿನ್ ಮಂಕಿ ಎಂದು ಮೇಲಿನ ಸಾಲನ್ನು ಕೈ ತಾನಾಗಿಯೇ ಬರೆಯಿತು. ಅವಳು ಮಡಕೆಯ ವಿಷಯ ಹೇಳಿದಳು, ಎಲೆಯ ವಿಷಯ ಹೇಳಿದಳು, ಮೊದಲ ದಿನ ತನ್ನ ಹೆಸರನ್ನು ತಾನೇ ಬರೆದು ಅದನ್ನು ಅಳಿಸಲು ಮನಸ್ಸಾಗದೆ ಗೋಡೆಯ ಆ ಭಾಗಕ್ಕೆ ವರ್ಷವಿಡೀ ಕೆಮ್ಮಣ್ಣು ಬಳಿಯದೆ ಬಿಟ್ಟದ್ದನ್ನೂ ಹೇಳಿದಳು. ಹೇಳುವಾಗ ನಗುತ್ತಿದ್ದಳು. ಆ ನಗುವೇ ಅವರನ್ನು ಕೆಡಿಸಿತು. ಹನ್ನೆರಡು ವರ್ಷ ಇವಳ ಕಣ್ಣೀರನ್ನೆಲ್ಲ ನಾನು ಬರೆದುಕೊಟ್ಟೆ, ಹೀಗೊಮ್ಮೆ ನನ್ನ ಮೆಟ್ಟಿಲ ಮೇಲೆ ನಕ್ಕಳೇ ಇವಳು? ಓದಿ ಹೇಳಿದ್ದೆನೇ ಹೊರತು ಓದಲು ಕಲಿಸಲಿಲ್ಲವಲ್ಲ ನಾನು. ಯಾಕೆ ಕಲಿಸಲಿಲ್ಲ? ಪಕ್ಕದ ಕೋಣೆಯಲ್ಲಿ ಹುಡುಗರು ಹದಿಮೂರರ ಮಗ್ಗಿ ಕೂಗುತ್ತಿದ್ದರು, ಬಾಗಿಲ ಸಂದಿಯಲ್ಲಿ ಜಗಲಿಯ ಮೇಲೆ ಪಾಂಡುವಿನ ಬೆನ್ನು ಕಾಣುತ್ತಿತ್ತು, ನೆಟ್ಟಗೆ ಕುಳಿತ ಬೆನ್ನು. ಪೆನ್ನು ನಿಲ್ಲಲಿಲ್ಲ. 'ಬೀರಪ್ಪನವರಿಗೇ ಮತ ಹಾಕಬೇಕೆಂದು ಪಾಂಡು ಮಾಸ್ತರರು ನಮಗೆ ಹೇಳಿಕೊಟ್ಟರು.' ಒಂದೇ ಸಾಲು. ಉಳಿದದ್ದೆಲ್ಲ ಅವಳು ಹೇಳಿದ್ದೇ. ಬರೆದ ಮೇಲೆ ಅವರಿಗೆ ಭಯವಾಗಲಿಲ್ಲ, ಎಳೆಯ ಕಾಲದಲ್ಲಿ ಯಾರದೋ ಗೋಡೆಯ ಮೇಲೆ ಉಚ್ಚೆ ಹೊಯ್ದು ಓಡಿದಾಗ ಆದಂಥ ಹಗುರ ಆಯಿತು.

ಸಾಹೇಬರು ಬಂದು ಕಾಗದ ಓದಿದರು. ಆ ಸಾಲಿಗೆ ಬಂದಾಗ ಹುಬ್ಬು ಗಂಟಾಯಿತು, ಹೊರಗಿನ ಬೆನ್ನಿನ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು. ಇಷ್ಟ ಸಾಕು, ಹೆಬ್ಬೆಟ್ಟು ಒತ್ತಸ್ರಿ ಎಂದರು. ಮಾಸ್ತರರು ಶಾಯಿಯ ಡಬ್ಬಿ ತೆರೆದು ಮುಂದಿಟ್ಟರು. ಸುಕ್ರಿ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಓದದೆ ಒತ್ತುವುದಿಲ್ಲ, ಕಾಗದ ಇತ್ತ ಕೊಡಿ ಎಂದಳು. ಸಾಹೇಬರಿಗೆ ಮೋಜೆನಿಸಿತೋ ಏನೋ, ಕೊಟ್ಟೇಬಿಟ್ಟರು. ಮಾಸ್ತರರಿಗೆ ಆಗಲೂ ಧೈರ್ಯವಿತ್ತು. ತಡವರಿಸಿ ತಡವರಿಸಿ ನಾಲ್ಕಕ್ಷರ ಓದುವಷ್ಟರಲ್ಲಿ ಸಾಹೇಬರಿಗೆ ಸಾಕಾಗಿ ಹೋಗುತ್ತದೆ, ಬಸ್ಸಿನ ಹೊತ್ತಾಗುತ್ತದೆ ಎಂದುಕೊಂಡರು.

ಅವಳು ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ತನ್ನ ಹೆಸರನ್ನು ಗಟ್ಟಿಯಾಗಿ ಓದಿದಳು, ಗಂಡನ ಹೆಸರಿನ ಮೇಲೆ ಬೆರಳು ಸುಮ್ಮನೆ ದಾಟಿತು, ಸಾಹೇಬರು ಮೀಸೆಯಲ್ಲೇ ನಕ್ಕರು. ಆಮೇಲೆ ನಿಧಾನಕ್ಕೆ, ಕೆಸರಲ್ಲಿ ಹೆಜ್ಜೆ ಕಿತ್ತಿಟ್ಟಂತೆ, ಒಂದೊಂದೇ ಅಕ್ಷರ. ಮಡಕೆ ಬಂತು. ಎಲೆ ಬಂತು. ಅವಳ ಮುಖ ಅರಳುತ್ತಿತ್ತು, ತಾನಾಡಿದ ಮಾತು ಕಾಗದದೊಳಗಿಂದ ತಿರುಗಿ ತನ್ನ ಬಾಯಿಗೆ ಬರುತ್ತಿದೆಯಲ್ಲ. ಮಾಸ್ತರರು ಬರಲಿರುವ ಸಾಲನ್ನು ತಲೆಕೆಳಗಾಗಿ ನೋಡುತ್ತಿದ್ದರು. ಆಗ ಕಂಡಿತು. ಮೇಲೆ ಒಂದು, ಹತ್ತು ಸಾಲು ಕೆಳಗೆ ಒಂದು. ಅದೇ ಹೆಸರು. ಅಂಗಡಿಯವನದೂ ಅದೇ, ಇವಳ ಗಂಡನದೂ ಅದೇ. ಹನ್ನೆರಡು ವರ್ಷ ಲಕೋಟೆ ನೋಡಿ ನೋಡಿ ಬರೆದ ಹೆಸರನ್ನು, ಇವಳು ಸತ್ತರೂ ಬಾಯಿ ಬಿಟ್ಟು ಹೇಳದ ಹೆಸರನ್ನು, ಅವಳೇ ಹೇಳಿದಳೆಂದು ಬರೆದಿದ್ದರು. ಕೇರಿಯಲ್ಲಿ ಎಲ್ಲರೂ ಆ ಮನುಷ್ಯನನ್ನು ಬೀರಪ್ಪ ಎಂದರೆ ಸುಕ್ರಿಯೊಬ್ಬಳು 'ಅಂಗಡಿಯೋರು' ಎನ್ನುವುದನ್ನು ಅವರು ಎಷ್ಟು ಸಲ ಕೇಳಿಲ್ಲ? ತಲೆಯ ತುಂಬ ಪಾಂಡು ಕುಳಿತಿದ್ದ, ಬೇರೆಯವರಿಗೆ ಅಲ್ಲಿ ಜಾಗವೇ ಇರಲಿಲ್ಲ.

ಬೆರಳು ನಿಂತಿತು. ಸುಕ್ರಿಯ ತುಟಿ ಮುಚ್ಚಿತು.

"ಯಾಕವಾ ನಿಂತಿ? ಮುಂದ ಓದು," ಅಂದರು ಸಾಹೇಬರು.

ಮಾಸ್ತರರ ಬಾಯಿ ಅವರಿಗಿಂತ ಮೊದಲೇ ಮಾತಾಡಿತು. ಇವಳ ಓದು ಅಷ್ಟೇ ಸಾಹೇಬರೇ, ಉಳಿದದ್ದು ಬಾಯಿಪಾಠ, ಕಲಿಸಿದವನು ಹಾಗೆ ಕಲಿಸಿದ್ದು ಎಂದರು. ಸುಕ್ರಿ ತಲೆಯೆತ್ತಿ ಅವರನ್ನು ನೋಡಿದಳು. ಸಿಟ್ಟಿರಲಿಲ್ಲ ಅವಳಲ್ಲಿ, ಗೊತ್ತಿದ್ದ ದಾರಿಯಲ್ಲಿ ಹೊಸ ಹೊಂಡ ಕಂಡಂಥ ಆಶ್ಚರ್ಯ ಇತ್ತು.

"ನಂಗೆ ಓದೂಕೆ ಬರ್ತದೆ ಒಡ್ಯಾ," ಎಂದಳು ಸಾಹೇಬರಿಗೆ. "ಈ ಹೆಸ್ರ ನಾ ಹೇಳೂದಿಲ್ಲ. ಮೇಲೂ ಹೇಳ್ಲಿಲ್ಲ, ಇಲ್ಲೂ ಹೇಳೂದಿಲ್ಲ. ಮದ್ವೆ ಆದಾಗ್ನಿಂದ ನಾ ಹೇಳ್ದೇ ಇದ್ದ ಹೆಸ್ರು ನಾ ಹೇಳಿದ್ದು ಅಂತ ಇಲ್ಲಿ ಹೇಂಗೆ ಬಂತು?"

ಸಾಹೇಬರು ಕಾಗದ ತೆಗೆದುಕೊಂಡು ಮೇಲಿನ ಸಾಲು ನೋಡಿದರು, ಕೆಳಗಿನ ಸಾಲು ನೋಡಿದರು. ಪಕ್ಕದ ಕೋಣೆಯಲ್ಲಿ ಮಗ್ಗಿ ನಿಂತು ಹುಡುಗರ ಗುಜುಗುಜು ಶುರುವಾಗಿತ್ತು. ಒಳ್ಳೆಯ ಮನುಷ್ಯ, ಇನ್ನೊಬ್ಬ ನೌಕರನ ಮಾನ ತೆಗೆಯುವ ಇಷ್ಟ ಅವರಿಗಿರಲಿಲ್ಲ. ದನಿ ತಗ್ಗಿಸಿ, ಅಂಗಡಿಯವರು ಅಂತ ಆಕಿ ಅಂದಿರಬೇಕು, ನೀವು ಹೆಸರು ಮಾಡಿ ಬರದಿರಬೇಕು, ಹಂಗ ಅಲ್ಲೇನ್ರಿ ಮಾಸ್ತರ ಎಂದು ಕೇಳಿದರು. ಬಾಗಿಲು ಎಷ್ಟು ಸಲೀಸಾಗಿ ತೆರೆಯಿತು! ಹೌದು ಎಂದರೆ ಸಾಕು. ಹೌದೆಂದರೆ ಅದು ಪೂರ್ತಿ ಸುಳ್ಳೂ ಅಲ್ಲ ಎನ್ನುವ ಹಾಗಿತ್ತು, ಇಂಥದ್ದನ್ನು ಅವರು ಊರವರಿಗೆ ಬರೆದುಕೊಟ್ಟ ಪ್ರತಿ ಅರ್ಜಿಯಲ್ಲೂ ಮಾಡುತ್ತ ಬಂದವರೇ. ಪಾಂಡು ಹೋಗುತ್ತಾನೆ, ಮೆಟ್ಟಿಲು ಮತ್ತೆ ತುಂಬುತ್ತದೆ. ಅವರು ಸುಕ್ರಿಯ ಕಡೆ ನೋಡಿದರು. ಅವಳು ಬೆರಳನ್ನು ಮೇಜಿನ ಅಂಚಿಗೆ ಇಟ್ಟುಕೊಂಡು ಇವರ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದಳು. ಇಷ್ಟು ವರ್ಷ ಕಾಗದ ಬಿಡಿಸಿದ ಕೂಡಲೇ ಹೀಗೆಯೇ ಕಾಯುತ್ತಿದ್ದಳು, ಮಾಸ್ತರರು ಹೇಳಿದ್ದೇ ಅದರಲ್ಲಿರುವುದು ಎಂಬ ಭರವಸೆಯಿಂದ. ಒಂದು ಸಲವೂ ಅವರು ಇಲ್ಲದ್ದನ್ನು ಓದಿರಲಿಲ್ಲ. ಅವಳ ಕೂಸು ಸತ್ತ ಸುದ್ದಿಗೆ ಗಂಡ ಬರೆಸಿದ್ದ ಕೆಟ್ಟ ಮಾತನ್ನು ಕೂಡ, ನುಂಗಿ ಬಿಡಬಹುದಿತ್ತು, ಆದರೂ ಇದ್ದ ಹಾಗೇ ಓದಿದ್ದರು.

"ಇಲ್ಲ ಸಾಹೇಬರೇ," ಅಂದರು ಮಹಾಬಲ ಮಾಸ್ತರರು. "ಇವಳು ಯಾರ ಹೆಸರನ್ನೂ ಹೇಳಲಿಲ್ಲ. ಪಾಂಡುವೂ ಹೇಳಿಕೊಡಲಿಲ್ಲ, ನಾನೇ ನಿಂತು ನೋಡಿದ್ದೇನೆ. ಆ ಸಾಲು ನನ್ನದು."

ಆಮೇಲಿನದೆಲ್ಲ ಬೇಗ ಬೇಗ ಆಯಿತು. ಸಾಹೇಬರು ಇನ್ನೊಂದು ಹಾಳೆ ಮುಂದಿಟ್ಟರು, ಮಾಸ್ತರರು ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದರು, ಅವಳು ಓದಿದಳು, ಹೆಸರು ಬಂದಲ್ಲಿ ಬೆರಳು ದಾಟಿಸಿದಳು, ಶಾಯಿಯ ಡಬ್ಬಿಯನ್ನು ಅತ್ತ ಸರಿಸಿ ಪೆನ್ನು ಕೇಳಿ ಸಹಿ ಹಾಕಿದಳು. ಮೊದಲಿನ ಹಾಳೆಯನ್ನು ಸಾಹೇಬರು ಹರಿಯಲಿಲ್ಲ, ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ಇದು ನನ್ನ ಹತ್ತಿರ ಇರಲಿ ಎಂದು ಹೊರಟರು. ಹೊರಗೆ ಬಂದಾಗ ಪಾಂಡು ಎದ್ದು ನಿಂತ. ಗೋಡೆ ತೆಳು, ಎಲ್ಲ ಕೇಳಿಸಿಕೊಂಡಿದ್ದ. ಏನಾದರೂ ಅಂದಿದ್ದರೆ, ಒಂದು ಕೆಟ್ಟ ಮಾತು, ಒಂದು ಕೊಂಕು, ಮಾಸ್ತರರು ಹಗುರಾಗುತ್ತಿದ್ದರು. ಅವನು ಸಾಹೇಬರ ಚೀಲ ಎತ್ತಿಕೊಂಡು, "ನಿಮ್ಗೆ ಬಿಸಿಲಾಗ್ತದೆ ಮಾಸ್ತರ್ರೇ, ನಾ ಬಸ್ಸು ಹತ್ತಿಸಿ ಬತ್ತೆ," ಎಂದು ಹೋದ. ಇಂಥವನ ಮೇಲೆ ಹೊಟ್ಟೆಕಿಚ್ಚು ಹೋಗುವುದಾದರೂ ಹೇಗೆ? ಹೋಗಿರಲಿಲ್ಲ. ನಿಜ ಹೇಳಿದ ಮೇಲೂ ಅದು ಎದೆಯಲ್ಲಿ ಇದ್ದಲ್ಲೇ ಇತ್ತು, ಬೆಳಿಗ್ಗೆ ಇದ್ದಷ್ಟೇ ಬಿಸಿಯಾಗಿ.

ನಾಲ್ಕು ಗಂಟೆಗೆ ಅವರು ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಮಂಗಲಾ ಚಾ ತಂದಿಟ್ಟು, ಏನಾಯಿತೆಂದು ಕೇಳದೆ ಒಳಗೆ ಹೋದಳು. ಊರಿಗೆ ಗೊತ್ತಾದದ್ದು ಅವಳಿಗೂ ಗೊತ್ತಾಗಿತ್ತು. ಆಗ ಬೇಲಿಯ ತಡಮೆ ದಾಟಿ ಸುಕ್ರಿ ಬಂದಳು. ಬುಟ್ಟಿ ಇರಲಿಲ್ಲ, ಕೈಯಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಕಾಗದ. ಮಡಿಸಿ, ಅನ್ನದ ಅಂಟು ಹಾಕಿ ಆಗಿತ್ತು. ಒಳಗಿನದೆಲ್ಲ ಅವಳೇ ಬರೆದದ್ದು. ಏನು ಬರೆದಳೋ. ಬೆಳಗಿನ ಸಂಗತಿಯೋ, ಅತ್ತೆಯ ಕಾಲುನೋವೋ, ಗಂಡ ಹೆಂಡತಿಯ ಬೇರೇನೋ, ಅದು ಇನ್ನು ಮುಂದೆ ಅವರಿಗೆ ಗೊತ್ತಾಗುವುದಿಲ್ಲ. ಅವಳು ಕಾಗದವನ್ನು ಅವರ ಪಕ್ಕದಲ್ಲಿಟ್ಟು, ಸೊಂಟದ ಚೀಲದಿಂದ ಅಂಟಿಸಿದ ಹಳೆಯ ಲಕೋಟೆಯನ್ನು ತೆಗೆದು ಅದರ ಮೇಲಿಟ್ಟಳು. ಬಾಯಲ್ಲಿ ಹೇಳಬಾರದ್ದನ್ನು ಕೈಯಲ್ಲಿ ಬರೆಯಲೂಬಾರದು, ಅವಳ ಲೆಕ್ಕದಲ್ಲಿ ಅದು ಹಾಗೆಯೇ.

ಪಾಂಡು ಬರೆದುಕೊಡುತ್ತಿದ್ದನಲ್ಲ, ಎಂದರು ಮಾಸ್ತರರು. ಅನ್ನಬಾರದಿತ್ತು, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದುಬಿಟ್ಟಿತು.

"ಕೊಡ್ತಿದ್ದ," ಎಂದಳು ಸುಕ್ರಿ. "ಬೆಳಿಗ್ಗೆ ಈ ಹೆಸ್ರ ಸುಳ್ಳಿಗೆ ಬರ್ದವ್ರು ನೀವೇ ಅಲ್ವಾ ಮಾಸ್ತರ್ರೇ? ಖರೇಕೂ ನೀವೇ ಬರೀರಿ."

ಮಾಸ್ತರರು ಪೆನ್ನಿನ ಟೊಪ್ಪಿಗೆ ತೆಗೆದರು. ಹಳೆಯ ಲಕೋಟೆ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದರು. ಮೊದಲೆಲ್ಲ ಅವರು ವಿಳಾಸ ಬರೆಯುವಾಗ ಅವಳು ಬಾವಿಯ ಕಡೆಯೋ ಹಿತ್ತಲ ಕಡೆಯೋ ನೋಡುತ್ತಿರುತ್ತಿದ್ದಳು. ಇವತ್ತು ಹೆಗಲ ಹಿಂದೆ ಬಗ್ಗಿ ನಿಂತಳು. ಬರೆಯುತ್ತಿದ್ದಂತೆ ಅವಳ ನೆರಳು ಕಾಗದದ ಮೇಲೆ ಒಂದೊಂದೇ ಅಕ್ಷರದ ಜೊತೆ ಸರಿಯಿತು. ಇಪ್ಪತ್ತೇಳು ವರ್ಷ ಮಕ್ಕಳ ಪಾಟಿಯ ಮೇಲೆ ಹೀಗೆ ಬಗ್ಗಿ ನಿಂತವರು ಅವರು. ರ ಸ್ವಲ್ಪ ಓರೆಯಾಯಿತು, ತಿದ್ದಿದರು. ಹೆಸರು, ಕ್ಯಾಂಪಿನ ನಂಬರು, ಟಪಾಲು ಕಚೇರಿ ಎಲ್ಲ ಮುಗಿದ ಮೇಲೆ ಕಾಗದವನ್ನು ಮೇಲೆತ್ತಿ ಹಿಡಿದರು. ಸುಕ್ರಿ ತಕ್ಷಣ ತೆಗೆದುಕೊಳ್ಳಲಿಲ್ಲ. ತುಟಿ ಮುಚ್ಚಿಕೊಂಡೇ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಆ ಹೆಸರನ್ನೂ ಬಿಡದೆ, ಕಣ್ಣಲ್ಲಿ ಓದಿದಳು.

"ಆತು," ಅಂದಳು.